ಮಾಲಿನಿ ಫೊನ್ಸೇಕಾ: ಎರಡು ದಿನಕ್ಕೆ ಐದು ಸಿನಿಮಾ, ಯಾವುದು ಇಡೋದು, ಯಾವುದು ಬಿಡೋದು?

ಸೊಸೈಟಿ_ಕಾರ್ಯದರ್ಶಿ
ನಮ್ಮ ಊರಿನ ಫಿಲ್ಮ್ ಸೊಸೈಟಿಯಿಂದ ಶ್ರೀಲಂಕಾದ ಸಿಂಹಳ ನಟಿ ಮಾಲಿನಿ ಫೊನ್ಸೇಕಾ ಅವರ ಸಿನಿಮಾಗಳನ್ನ ಎರಡು ದಿನ ತೋರಿಸಬೇಕು ಅಂತಿದೆ. ಹಾಲ್‌ನಲ್ಲಿ 120 ಸೀಟು, ಡಿಸಿಪಿ (ಥಿಯೇಟರಿಗೆ ಅಂತ ಮಾಡಿದ ಡಿಜಿಟಲ್ ಪ್ರತಿ) ಓಡಿಸೋ ಪ್ರೊಜೆಕ್ಟರ್ ಇದೆ. ಬರುವವರಲ್ಲಿ ಹೆಚ್ಚಿನವರು ಸಿಂಹಳ ಸಿನಿಮಾ ಒಂದೂ ನೋಡಿದವರಲ್ಲ. ಮೂರು ವಿಷಯಕ್ಕೆ ಸಹಾಯ ಬೇಕು. ಯಾವ ಐದು ಸಿನಿಮಾ? ಒಳ್ಳೆ ಪ್ರತಿ ಎಲ್ಲಿ ಸಿಗುತ್ತೆ? ಕನ್ನಡ ಸಬ್‌ಟೈಟಲ್ ಹಾಕೋಕೆ ಆಗುತ್ತಾ? ಜೊತೆಗೆ ಒಂದು ಪುಟದ ಪರಿಚಯವನ್ನೂ ಅಚ್ಚು ಹಾಕಿಸಬೇಕು. ನೆಟ್‌ನಲ್ಲಿ ಒಂದೊಂದು ಕಡೆ ಒಂದೊಂದು ಇಸವಿ ಇದೆ.

ಹಳೇ_ರೀಲು
ಮೊದಲ ಹೆಸರು «ನಿಧಾನಯ». ಅದರಲ್ಲಿ ಚರ್ಚೆ ಇಲ್ಲ.

ಬಾಲ್ಕನಿ_ಟಿಕೆಟ್
ಪರಿಚಯಕ್ಕೆ ಬೇಕಾದ್ದು ಇಲ್ಲಿದೆ, ಬರ್ಕೊಳ್ಳಿ.

ಹುಟ್ಟಿದ್ದು 1947ರ ಏಪ್ರಿಲ್ 30, ಕೊಲಂಬೊ ಪಕ್ಕದ ಕೆಳನಿಯದಲ್ಲಿ. ಮೊದಲು ರಂಗಭೂಮಿ, 1963ರಲ್ಲಿ «ನೋರತ ರತ» ನಾಟಕ. ಅಲ್ಲಿಂದ ಸಿನಿಮಾಕ್ಕೆ ಕರ್ಕೊಂಡು ಬಂದದ್ದು ನಿರ್ದೇಶಕ ತಿಸ್ಸ ಲಿಯನಸೂರಿಯ ಮತ್ತು ನಟ ಜೋ ಅಬೇವಿಕ್ರಮ. 1968ರ «ಪುಂಚಿ ಬಬಾ» ಮೊದಲ ಸಿನಿಮಾ. «ಅಕಲ್ ವೆಸ್ಸ» ನಾಟಕಕ್ಕೆ ಶ್ರೇಷ್ಠ ರಂಗನಟಿ ಪ್ರಶಸ್ತಿ ಬಂತು. 1975ರಲ್ಲಿ ಮಾಸ್ಕೋ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ, 1977ರಲ್ಲಿ ದೆಹಲಿಯಲ್ಲಿ ಇನ್ನೊಂದು. 1984ರಿಂದ 1994ರ ತನಕ ನಾಲ್ಕು ಸಿನಿಮಾ ನಿರ್ದೇಶಿಸಿದ್ದಾರೆ: «ಸಸರ ಚೇತನಾ», «ಅಹಿಂಸಾ», «ಸ್ತ್ರೀ», «ಸಂದಮಾಲಾ». 2010ರಿಂದ 2015ರವರೆಗೆ ರಾಷ್ಟ್ರೀಯ ಪಟ್ಟಿಯಿಂದ (ಪಕ್ಷ ಹೆಸರಿಸುವ ಸ್ಥಾನ) ಸಂಸದೆ. 2010ರಲ್ಲೇ ಸಿಎನ್‌ಎನ್ ಮಾಡಿದ ಏಷ್ಯಾದ 25 ಶ್ರೇಷ್ಠ ನಟನಟಿಯರ ಪಟ್ಟಿಯಲ್ಲೂ ಇದ್ದರು. ತೀರಿಕೊಂಡದ್ದು 2025ರ ಮೇ 24. ಎರಡು ದಿನ ಬಿಟ್ಟು ಕೊಲಂಬೊದ ಸ್ವಾತಂತ್ರ್ಯ ಚೌಕದಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ಆಯ್ತು.

ಎಲ್ಲಾ ಕಡೆ ಬರೋ ಒಂದು ತಪ್ಪು: ನಟ ಗಾಮಿನಿ ಫೊನ್ಸೇಕಾ ಮಾಲಿನಿಯ ಅಣ್ಣ ಅಂತ ಬರೀತಾರೆ. ಅಲ್ಲ, ಸಂಬಂಧವೇ ಇಲ್ಲ. ಫೊನ್ಸೇಕಾ ಅಲ್ಲಿ ತುಂಬಾ ಸಾಮಾನ್ಯವಾದ ಮನೆತನದ ಹೆಸರು. «ನಿಧಾನಯ»ದಲ್ಲಿ ಇಬ್ಬರೂ ಗಂಡ ಹೆಂಡತಿ, ಕರಪತ್ರದಲ್ಲಿ ಅಣ್ಣ ತಂಗಿ ಅಂತ ಹಾಕಿಬಿಟ್ಟರೆ ಬಹಳ ಕೆಟ್ಟದಾಗುತ್ತೆ.

ನೀಲಿಪರದೆ
ಟಿವಿ ಭಾಗ ಬಿಟ್ಟೇ ಹೋಯ್ತಲ್ಲ ಸರ್. «ನಿರೂಪಮಾಲಾ» ಅವರೇ ನಿರ್ದೇಶಿಸಿದ್ದು. ಶ್ರೀಲಂಕಾದಲ್ಲಿ ಟೆಲಿನಾಟಕ ನಿರ್ದೇಶಿಸಿದ ಮೊದಲ ಹೆಂಗಸು ಅಂತ ಅವರ ಹೆಸರನ್ನೇ ಹೇಳ್ತಾರೆ.

ಬಾಲ್ಕನಿ_ಟಿಕೆಟ್
ಸರಿ, ಅದನ್ನೂ ಸೇರಿಸಿ. ಹಿನ್ನೆಲೆಯಾಗಿ ಎರಡು ಇಸವಿ ಇಟ್ಟುಕೊಳ್ಳಿ. ಅಲ್ಲಿನ ಟಿವಿ ವಾಹಿನಿಗಳಲ್ಲಿ ಐಟಿಎನ್ ಶುರುವಾದದ್ದು 1979ರ ಏಪ್ರಿಲ್, ರೂಪವಾಹಿನಿ 1982ರ ಫೆಬ್ರವರಿ. ಸಿನಿಮಾ ಟಿಕೆಟ್ ಮಾರಾಟ ತುತ್ತತುದಿಗೆ ಹೋದದ್ದೂ ಅದೇ 1979ರಲ್ಲಿ, ಸುಮಾರು 7.4 ಕೋಟಿ ಟಿಕೆಟ್. ಆಗ ದೇಶದ ಜನಸಂಖ್ಯೆ ಒಂದೂವರೆ ಕೋಟಿಗೂ ಸ್ವಲ್ಪ ಕಡಿಮೆ. ಕೂಸು ಮುದುಕರನ್ನೂ ಸೇರಿಸಿ ತಲೆಗೆ ಐದು ಸಲ ಸಿನಿಮಾ! ಅದಾದ ಮೇಲೆ ಇಳಿಮುಖ. ಮಾಲಿನಿ ನಿರ್ದೇಶನಕ್ಕೂ ಟಿವಿಗೂ ತಿರುಗಿದ್ದು ಆ ಇಳಿಗಾಲದಲ್ಲಿ. ಅದನ್ನ ಹೇಳದೆ ಬರೀ ಪಟ್ಟಿ ಕೊಟ್ಟರೆ ಓದುವವರಿಗೆ ಏನೂ ತಿಳಿಯಲ್ಲ.

ಕಡಲತಡಿ
ನನ್ನ ಐದು: «ನಿಧಾನಯ», «ಬಂಬರು ಆವಿತ್» (1978), «ಬೆದ್ದೇಗಮ» (1980), «ವೇಕಂದ ವಲವ್ವ» (2002), «ಆಕಾಸ ಕುಸುಮ್» (2008). ನಿರ್ದೇಶನ ಮೂರು ಲೆಸ್ಟರ್ ಜೇಮ್ಸ್ ಪೀರಿಸ್, ಒಂದು ಧರ್ಮಸೇನ ಪತಿರಾಜ, ಒಂದು ಪ್ರಸನ್ನ ವಿತಾನಗೆ.

ಯಾಕೆ ಈ ಐದು ಅಂದ್ರೆ, ಐದರಲ್ಲೂ ಐದು ವರ್ಗದ ಹೆಂಗಸು. «ನಿಧಾನಯ»ದಲ್ಲಿ ಬಂಗಲೆಯ ಹೆಂಡತಿ ಐರೀನ್. «ಬಂಬರು ಆವಿತ್»ನಲ್ಲಿ ಕಲ್ಪಿಟಿಯ ಕಡೆಯ ಮೀನುಗಾರರ ಹಳ್ಳಿಯ ಹೆಲೆನ್, ಪೇಟೆಯಿಂದ ಬಂದ ವಿಕ್ಟರ್ ಆಗಿ ವಿಜಯ ಕುಮಾರತುಂಗ. «ಬೆದ್ದೇಗಮ»ದಲ್ಲಿ ಕಾಡಂಚಿನ ಬೇಟೆಗಾರ ಸಿಲಿಂದುವಿನ ಮಗಳು ಪುಂಚಿ ಮೆನಿಕಾ. «ವೇಕಂದ ವಲವ್ವ»ದಲ್ಲಿ ಆಸ್ತಿ ಕೈಬಿಡ್ತಿರೋ ಮನೆತನದ ಯಜಮಾನಿ. «ಆಕಾಸ ಕುಸುಮ್»ನಲ್ಲಿ ಮಂಕಾಗಿ ಹೋದ ಸಿನಿಮಾ ತಾರೆ ಸಂಧ್ಯಾ ರಾಣಿ. ನಡಿಗೆ, ಕೂರುವ ರೀತಿ, ಮಾತಿನ ವೇಗ ಎಲ್ಲಾ ಬೇರೆ ಬೇರೆ. ಸಿಂಹಳ ಬರದವರಿಗೂ ಅದು ಕಣ್ಣಿಗೆ ಕಾಣುತ್ತೆ.

ಹುಬ್ಬಳ್ಳಿ_ಮಂದಿ
ಲೆಸ್ಟರ್ ಮೂರು ಜಾಸ್ತಿ ಆತು ಬಿಡ್ರಿ. ಇದು ಮಾಲಿನಿ ಹಬ್ಬ ಐತಿ, ಲೆಸ್ಟರ್ ಹಬ್ಬ ಅಲ್ಲ. ನೂರಾ ನಲವತ್ತಕ್ಕೂ ಮಿಕ್ಕಿ ಸಿನಿಮಾ ಮಾಡ್ಯಾರ, ಅದರಾಗ ಬಹಳಷ್ಟು ಹಾಡು ಕುಣಿತದ ಜನಪ್ರಿಯ ಚಿತ್ರ. ಜನ ಅವರಿಗೆ ರಾಣಿ ಅಂತ ಪಟ್ಟ ಕಟ್ಟಿದ್ದು ವೆನಿಸ್ ಚಿತ್ರೋತ್ಸವದ ಪ್ರಶಸ್ತಿ ನೋಡಿ ಅಲ್ಲ, «ತುಷಾರಾ»ದಂಥಾ ಚಿತ್ರ ನೋಡಿ. ವಿಜಯ ಕುಮಾರತುಂಗ ಜೋಡಿ ಇರೋ ಒಂದಾದ್ರೂ ಜನಪ್ರಿಯ ಚಿತ್ರ ಬೇಕ ಬೇಕು.

ಕಡಲತಡಿ
ಮಾರಾಯ್ರೆ, ವಿಜಯ ಜೋಡಿ «ಬಂಬರು ಆವಿತ್»ನಲ್ಲೂ ಉಂಟು, «ಬೆದ್ದೇಗಮ»ದಲ್ಲೂ ಉಂಟು.

ಹುಬ್ಬಳ್ಳಿ_ಮಂದಿ
ಅದು ಬ್ಯಾರೆ ರೀ. ಅಲ್ಲಿ ಇಬ್ಬರೂ ತಾರೆಯರ ಥರ ಕಾಣಂಗಿಲ್ಲ, ಕಾಣಬಾರದು ಅಂತನ ನಿರ್ದೇಶಕರು ಕೆಲಸ ಮಾಡ್ಯಾರ. ಪ್ರೇಕ್ಷಕರಿಗೆ ಮೊದಲು ತಾರೆ ಮಾಲಿನಿ ಗೊತ್ತಿದ್ದರಷ್ಟೇ «ಬಂಬರು ಆವಿತ್»ನಾಗ ಆಕಿ ಏನು ಕಳಚಿ ಇಟ್ಟಾಳ ಅನ್ನೋದು ತಿಳೀತೈತಿ. «ಆಕಾಸ ಕುಸುಮ್»ಗೂ ಅದ ಮಾತು. ಎಪ್ಪತ್ತರ ದಶಕದ ತಾರೆಯ ಮುಪ್ಪನ್ನ ಎಪ್ಪತ್ತರ ದಶಕದ ತಾರೆನ ಮಾಡಿದ್ದರಿಂದ ಆ ಚಿತ್ರಕ್ಕ ಅಷ್ಟು ಕಸುವು.

ಹಳೇ_ರೀಲು
ಈ ಮಾತು ಒಪ್ಪತಕ್ಕದ್ದೇ. ಆದರೆ ಅಡ್ಡಿ ಇರೋದು ಪ್ರತಿಯಲ್ಲಿ. ಆ ಕಾಲದ ಜನಪ್ರಿಯ ಸಿಂಹಳ ಚಿತ್ರಗಳ ನೆಗೆಟಿವ್ ಬಹಳ ನಾಶ ಆಗಿವೆ. 1983ರ ಜುಲೈ ಗಲಭೆಯಲ್ಲಿ ಹೆಂದಲದ ವಿಜಯಾ ಸ್ಟುಡಿಯೋಗೆ ಬೆಂಕಿ ಇಟ್ಟಾಗ ಅಲ್ಲಿದ್ದ ನೆಗೆಟಿವ್‌ಗಳೂ ಸುಟ್ಟವು. ಉಳಿದ ಪ್ರತಿಗಳಿಗೆ ಶತ್ರು ಸೆಕೆ. ಅಸಿಟೇಟ್ ಫಿಲ್ಮು ತೇವ ಹೀರಿದರೆ ಆಮ್ಲ ಬಿಡುತ್ತೆ, ಡಬ್ಬಿ ಮುಚ್ಚಳ ತೆಗೆದ ಕೂಡಲೇ ವಿನೆಗರ್ ವಾಸನೆ. ಆಮೇಲೆ ಫಿಲ್ಮು ಕುಗ್ಗುತ್ತೆ, ಅಂಚು ಅಲೆಅಲೆಯಾಗುತ್ತೆ, ತೂತುಗಳ ಅಳತೆ ತಪ್ಪಿ ಪ್ರೊಜೆಕ್ಟರಿನ ಹಲ್ಲಿಗೆ ಕೂರಲ್ಲ. ಆ ಆಮ್ಲ ಪಕ್ಕದ ಡಬ್ಬಿಯನ್ನೂ ಕೆಡಿಸುತ್ತೆ. ಬಣ್ಣದ ಪ್ರತಿ ಆಗಿದ್ದರೆ ನೀಲಿ ಹಸಿರು ಮೊದಲು ಹೋಗಿ ಇಡೀ ಚಿತ್ರ ಕೆನ್ನೀಲಿಗೆಂಪು. ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಹೋಗೋ ಕಾಟ ಇಲ್ಲ. ನೆಗೆಟಿವ್ ಕಳೆದುಹೋಗಿ ಪ್ರಿಂಟೇ ಗತಿ ಅನ್ನೋ ಕಡೆ ಅದು ದೊಡ್ಡ ಅನುಕೂಲ.

ರಾತ್ರಿ_ಆಟ
ಯೂಟ್ಯೂಬ್‌ನಲ್ಲಿ ಎಲ್ಲಾ ಇದೆ ಗುರು. ಡೌನ್‌ಲೋಡ್ ಮಾಡಿ ಹಾಕಿ.

ಹಳೇ_ರೀಲು
ದಯವಿಟ್ಟು ಬೇಡ. ಹಕ್ಕಿನ ಪ್ರಶ್ನೆ ಹಾಗಿರಲಿ, ಅಲ್ಲಿರೋದು ಹೆಚ್ಚಿನದು ವಿಸಿಡಿ ಅಥವಾ ಟಿವಿಯಿಂದ ಹಿಡಿದದ್ದು. ವಿಸಿಡಿ ಅಂದ್ರೆ 352×288 ಚುಕ್ಕಿ. ಇಪ್ಪತ್ತು ಅಡಿ ಪರದೆಗೆ ಹಿಗ್ಗಿಸಿದರೆ ಮಾಲಿನಿ ಕಣ್ಣು ಒಂದು ಬೂದು ಮಚ್ಚೆ. ಆಕೆ ಕಣ್ಣಿನಲ್ಲೇ ಅಭಿನಯಿಸುವವರು. ಅದು ಕಾಣದಿದ್ದರೆ ತೋರಿಸಿ ಏನು ಉಪಯೋಗ? ಮೇಲಾಗಿ ಟಿವಿ ಚೌಕಟ್ಟಿಗೆ ಅಂಚು ಕತ್ತರಿಸಿರ್ತಾರೆ.

ಒಳ್ಳೆ ಪ್ರತಿ ಖಾತ್ರಿ ಇರೋದು ಎರಡಕ್ಕೆ. «ನಿಧಾನಯ» ಪುನಶ್ಚೇತನಗೊಂಡು 2013ರಲ್ಲಿ ವೆನಿಸ್‌ನ ಕ್ಲಾಸಿಕ್ಸ್ ವಿಭಾಗದಲ್ಲಿ ಬಂತು, ನಮ್ಮವರೇ ಆದ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅದಕ್ಕಾಗಿ ಓಡಾಡಿದ್ದರು. «ಬಂಬರು ಆವಿತ್» ಸಿಂಗಾಪುರದ ಏಷ್ಯನ್ ಫಿಲ್ಮ್ ಆರ್ಕೈವ್ ಮೂಲಕ 4ಕೆಯಲ್ಲಿ ಸಿದ್ಧವಾಗಿ 2020ರ ಕಾನ್ ಚಿತ್ರೋತ್ಸವದ ಕ್ಲಾಸಿಕ್ಸ್ ಪಟ್ಟಿಗೆ ಆಯ್ಕೆಯಾಯ್ತು. ಈ ಎರಡಕ್ಕೆ ಮೊದಲು ಪತ್ರ ಬರೆಯಿರಿ.

ಸೊಸೈಟಿ_ಕಾರ್ಯದರ್ಶಿ
«ನಿಧಾನಯ» ಇಸವಿ 1970 ಹಾಕಲಾ 1972 ಹಾಕಲಾ?

ಬಾಲ್ಕನಿ_ಟಿಕೆಟ್
1972. ಚಿತ್ರೀಕರಣ ಅದಕ್ಕಿಂತ ಮುಂಚಿನದು, ಅದಕ್ಕೇ ಕೆಲವರು 1970 ಅಂತಾರೆ. ಬಿಡುಗಡೆಯೂ 1972, ವೆನಿಸ್‌ನಲ್ಲಿ ಸಂತ ಮಾರ್ಕನ ಬೆಳ್ಳಿ ಸಿಂಹ ಗೆದ್ದದ್ದೂ 1972. ಸಿಂಹಳ ಚಿತ್ರರಂಗಕ್ಕೆ 50 ತುಂಬಿದಾಗ, 1997ರಲ್ಲಿ, ಆ ಐವತ್ತು ವರ್ಷದ ಅತ್ಯುತ್ತಮ ಚಿತ್ರ ಅಂತ ಆಯ್ಕೆಯಾದದ್ದು ಇದೇ. ಮೂಲ ಜಿ.ಬಿ. ಸೇನಾನಾಯಕರ ಸಣ್ಣಕಥೆ, ಚಿತ್ರಕಥೆ ತಿಸ್ಸ ಅಬೇಸೇಕರ, ಕ್ಯಾಮೆರಾ ಎಂ.ಎಸ್. ಆನಂದನ್, ಸಂಗೀತ ಪ್ರೇಮಸಿರಿ ಖೇಮದಾಸ.

ಕಡಲತಡಿ
«ನಿಧಾನಯ»ದಲ್ಲಿ ಏನು ನೋಡಬೇಕು ಅಂತ ಪರಿಚಯದಲ್ಲಿ ಒಂದು ಸಾಲು ಹಾಕಿ. ಸಾಲದಲ್ಲಿ ಮುಳುಗಿದ ವಿಲ್ಲಿ ಅಬೇನಾಯಕನಿಗೆ ನಿಧಿ ತೆಗೀಲಿಕ್ಕೆ ಬಲಿ ಬೇಕು. ಕತ್ತಿನಲ್ಲಿ ನಾಲ್ಕು ಮಚ್ಚೆ ಇರುವ ಹೆಣ್ಣೇ ಆಗಬೇಕು. ಹಾಗೆ ಹುಡುಕಿ ಮದುವೆಯಾದವಳು ಐರೀನ್. ನಮಗೆ ಮೊದಲೇ ಗೊತ್ತುಂಟು, ಆಕೆಗೆ ಗೊತ್ತಿಲ್ಲ. ಬೇರೆ ನಟಿಯರಾದರೆ ಎಲ್ಲೋ ಒಂದು ಕಡೆ ಸಂಶಯದ ನೋಟ ಹಾಕ್ತಿದ್ದರು, ಪ್ರೇಕ್ಷಕರಿಗೆ ಸನ್ನೆ ಮಾಡಿದ ಹಾಗೆ. ಮಾಲಿನಿ ಅದನ್ನು ಮಾಡುವುದೇ ಇಲ್ಲ. ಕೊನೆಯಲ್ಲಿ ಬಂಡೆಯ ಹತ್ತಿರ ಪೂಜೆ ಅಂತ ನಂಬಿ ಗಂಡನ ಜೊತೆ ನಡೆಯುವಾಗಲೂ ಮುಖದಲ್ಲಿರುವುದು ಬರೀ ಶ್ರದ್ಧೆ. ಗಾಮಿನಿ ಮುಖ ಬೆವರ್ತದೆ, ಕಣ್ಣು ಅತ್ತಿತ್ತ ಓಡ್ತದೆ. ಆಕೆಯದು ನಿಶ್ಚಲ. ಆಗ ಆಕೆಗೆ ಇಪ್ಪತ್ತೈದೂ ಆಗಿರಲಿಲ್ಲ.

ಹುಬ್ಬಳ್ಳಿ_ಮಂದಿ
ಏನ್ರೀ ಕೊನೀ ತನಕ ಕಥಿ ಹೇಳಿಬಿಟ್ರಿ! ನೋಡದವರು ಓದಾಕತ್ತಾರ ಇಲ್ಲಿ.

ಕಡಲತಡಿ
ಸಿನಿಮಾ ಶುರುವಾಗುವುದೇ ವಿಲ್ಲಿ ತಪ್ಪೊಪ್ಪಿಗೆ ಬರೆಯುವುದರಿಂದ. ಕೊಂದದ್ದು ಮುಚ್ಚಿಟ್ಟ ಗುಟ್ಟಲ್ಲ.

ಸಾಲು_ಮರ
«ಬೆದ್ದೇಗಮ» ಬಗ್ಗೆ: ಮೂಲ ಲೆನಾರ್ಡ್ ವುಲ್ಫ್‌ರ 1913ರ ಕಾದಂಬರಿ. 1908ರಿಂದ 1911ರವರೆಗೆ ಹಂಬಂತೋಟದಲ್ಲಿ ಬ್ರಿಟಿಷ್ ಅಧಿಕಾರಿ ಆಗಿದ್ದವರು. ಚಿತ್ರದ ನ್ಯಾಯಾಲಯದ ದೃಶ್ಯದಲ್ಲಿ ಆ ಬಿಳಿಯ ನ್ಯಾಯಾಧೀಶನ ಪಾತ್ರ ಮಾಡಿದವರು ಆರ್ಥರ್ ಸಿ. ಕ್ಲಾರ್ಕ್. ವಿಜ್ಞಾನ ಕಥೆ ಓದುವ ಹುಡುಗರನ್ನ ಹಾಲ್‌ಗೆ ಕರೆಸೋಕೆ ಈ ಒಂದು ಸಾಲು ಸಾಕು.

ರಾತ್ರಿ_ಆಟ
ಶಿವಾಜಿ ಗಣೇಶನ್ ಜೊತೆ ಮಾಡಿದ್ದು ಯಾವುದು?

ಸಾಲು_ಮರ
«ಪೈಲಟ್ ಪ್ರೇಮ್‌ನಾಥ್», 1978, ತಮಿಳು, ಎ.ಸಿ. ತಿರುಲೋಕಚಂದರ್ ನಿರ್ದೇಶನ. ಭಾರತ ಶ್ರೀಲಂಕಾ ಸೇರಿ ಮಾಡಿದ್ದು. ಶಿವಾಜಿ ಹೆಂಡತಿಯಾಗಿ ಮಾಲಿನಿ, ಕುರುಡಿ ಮಗಳಾಗಿ ಶ್ರೀದೇವಿ. ಹುಬ್ಬಳ್ಳಿಯವರು ಕೇಳ್ತಿರೋ ಜನಪ್ರಿಯ ಚಿತ್ರದ ಜಾಗಕ್ಕೆ ಇದನ್ನ ಯೋಚಿಸಬಹುದು. ನಮ್ಮ ಕಡೆ ತಮಿಳು ಅರ್ಥ ಆಗುವವರು ಹಾಲ್‌ನಲ್ಲಿ ಅರ್ಧ ಜನ ಇರ್ತಾರೆ.

ಹುಬ್ಬಳ್ಳಿ_ಮಂದಿ
ಅದು ಶಿವಾಜಿ ಸಿನಿಮಾ. ಆಕಿಗೆ ಅದರಾಗ ಕೆಲಸ ಕಡಿಮಿ. ಒಪ್ಪಂಗಿಲ್ಲ.

ಅಂಚೆಪೆಟ್ಟಿಗೆ
ಸಿಂಹಳ ನಟಿಯರು ಅಂದ್ರೆ ನಮಗೆ ಹತ್ತಿರದವರು ಪೂಜಾ ಉಮಾಶಂಕರ್. ತಂದೆ ಕನ್ನಡಿಗರು, ತಾಯಿ ಸಿಂಹಳೀಯರು. ಬಾಲಾ ಅವರ «ನಾನ್ ಕಡವುಳ್»ನ ಕುರುಡು ಹುಡುಗಿ. ಸಿಂಹಳದಲ್ಲಿ «ಅಂಜಲಿಕಾ», «ಕುಸ ಪಬಾ» ಮಾಡಿದ್ದಾರೆ.

ರಾತ್ರಿ_ಆಟ
ಜಾಕ್ವೆಲಿನ್ ಮರೆತ್ರಾ? «ವಿಕ್ರಾಂತ್ ರೋಣ»ದ ರಕ್ಕಮ್ಮ!

ಸಾಲು_ಮರ
ಆಕೆ ಶ್ರೀಲಂಕಾದವರು ಹೌದು, ಹೆಸರು ಮಾಡಿದ್ದು ಹಿಂದಿಯಲ್ಲಿ. ಇಲ್ಲಿ ಲೆಕ್ಕಕ್ಕೆ ಬರಲ್ಲ. ವಿಷಯಕ್ಕೆ ಬನ್ನಿ.

ಕತ್ತಲೆ_ಕೋಣೆ
ಪ್ರೊಜೆಕ್ಷನ್ ಕಡೆಯಿಂದ ಹೇಳ್ತೀನಿ. ಹಬ್ಬ ಕೆಡೋದು ಬಹುತೇಕ ಇಲ್ಲೇ.

ಡಿಸಿಪಿ ಬೀಗ ಹಾಕಿ ಕಳಿಸಿದರೆ ಜೊತೆಗೆ ಕೆಡಿಎಂ ಅನ್ನೋ ಕೀಲಿ ಫೈಲು ಬರುತ್ತೆ. ಆ ಕೀಲಿ ನಿಮ್ಮ ಸರ್ವರ್ ಒಂದಕ್ಕೇ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಗೆ ಮಾತ್ರ. ಅದಕ್ಕೆ ಮೊದಲು ಹಾಲಿನವರಿಂದ ಸರ್ವರ್‌ನ ಸರ್ಟಿಫಿಕೇಟ್ ಫೈಲು ತಗೊಂಡು ಕಳಿಸಬೇಕು. ಮಧ್ಯೆ ರಿಪೇರಿಗೆ ಅಂತ ಸರ್ವರ್ ಬದಲಾಯಿಸಿದ್ರೆ ಹಳೇ ಕೀಲಿ ಕೆಲಸಕ್ಕೆ ಬಾರದು. ಹಾಲ್ ಬುಕ್ ಮಾಡುವಾಗಲೇ ಇದನ್ನ ಕೇಳಿ.

ಗಂಟೆ ವಿಷಯ: ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಪತ್ರದಲ್ಲಿ «14ರಿಂದ 24 ಗಂಟೆ» ಅಂತ ಅಲ್ಲಿನ ಸಮಯ ಇದ್ದರೆ ನಮಗದು ಬೆಳಗ್ಗೆ 11:30ರಿಂದ ರಾತ್ರಿ 9:30. ರಾತ್ರಿ ಹತ್ತರ ಆಟ ಇಟ್ಟಿದ್ದರೆ ಪರದೆ ಮೇಲೆ ಏನೂ ಬರಲ್ಲ. ಆಟಕ್ಕೆ ಹಿಂದಿನ ದಿನದಿಂದಲೇ ಕೀಲಿ ತೆರೆದಿರಲಿ ಅಂತ ಬರವಣಿಗೆಯಲ್ಲಿ ಕೇಳಿ, ಆಗ ಪರೀಕ್ಷೆ ಮಾಡಬಹುದು.

ಎರಡು ಗಂಟೆಯ ಚಿತ್ರ 150–200 ಜಿಬಿ ಇರೋದು ಸಾಮಾನ್ಯ. ಹಳೇ ಸರ್ವರಿನ ಯುಎಸ್‌ಬಿಯಲ್ಲಿ ಒಂದೊಂದು ಚಿತ್ರ ಒಳಗೆ ಇಳಿಸೋಕೆ ಎರಡು, ಎರಡೂವರೆ ಗಂಟೆ. ಐದು ಚಿತ್ರ ಅಂದ್ರೆ ಇಡೀ ದಿನ. ಬೆಳಗ್ಗೆ ಡಿಸ್ಕ್ ತಂದು ಮಧ್ಯಾಹ್ನ ಆಟ ಅಂದರೆ ಆಗಲ್ಲ.

ಇನ್ನೊಂದು, ಒಂದೇ ಡಿಸ್ಕಿನಲ್ಲಿ ಒಂದೇ ಚಿತ್ರದ ಎರಡು ಆವೃತ್ತಿ ಇರುತ್ತೆ, ಸಬ್‌ಟೈಟಲ್ ಇರೋದು, ಇಲ್ಲದ್ದು. ಆಪರೇಟರ್ ಪಟ್ಟಿಯಲ್ಲಿ ಮೊದಲನೇದನ್ನ ಎಳೆದು ಹಾಕಿದ್ರೆ ಜನ ಸಿಂಹಳ ಮಾತ್ರ ಕೇಳ್ತಾ ಕೂರಬೇಕು. ಹೆಸರಿನ ಕೊನೆ ತನಕ ಓದಿಸಿ. ಮತ್ತೆ ಆ ಕಾಲದ ಚಿತ್ರಗಳ ಚೌಕಟ್ಟು ಈಗಿನಷ್ಟು ಅಗಲ ಇರಲ್ಲ. ಅಕ್ಕಪಕ್ಕ ಕಪ್ಪು ಪಟ್ಟಿ ಬರುತ್ತೆ, ಅದು ಬರಲೇಬೇಕು. «ಪರದೆ ತುಂಬ್ತಿಲ್ಲ» ಅಂತ ಯಾರಾದ್ರೂ ಜೂಮ್ ಮಾಡಿಸಿದರೆ ತಲೆ, ಗಲ್ಲ ಎರಡೂ ಕತ್ತರಿಸಿ ಹೋಗುತ್ತೆ.

ಸೊಸೈಟಿ_ಕಾರ್ಯದರ್ಶಿ
ಇದು ಬಹಳ ಉಪಕಾರ ಆಯ್ತು. ಕನ್ನಡ ಸಬ್‌ಟೈಟಲ್‌ಗೆ ದಾರಿ ಏನು? ಎಸ್‌ಆರ್‌ಟಿ ಫೈಲ್ (ಸಾಲು, ಅದರ ಸಮಯ ಬರೆದಿಟ್ಟ ಫೈಲು) ಮಾಡಿಕೊಟ್ಟರೆ ಸಾಕಾ?

ಕತ್ತಲೆ_ಕೋಣೆ
ಸಾಲದು. ಎರಡು ತೊಡಕಿದೆ.

ಒಂದು, ಒತ್ತಕ್ಷರ. ಸಿನಿಮಾ ಸರ್ವರುಗಳು ಅಕ್ಷರವನ್ನ ಒಂದರ ಪಕ್ಕ ಒಂದು ಜೋಡಿಸ್ತಾ ಹೋಗೋಕೆ ಮಾಡಿದವು. ಬಹಳಷ್ಟಕ್ಕೆ ಒತ್ತು ಕೆಳಗಿಳಿಸೋದು ಗೊತ್ತಿಲ್ಲ. «ಕತ್ತು» ಅಂತ ಬರೆದರೆ ಪರದೆ ಮೇಲೆ «ಕತ್‌ತು» ಬರುತ್ತೆ, «ಹತ್ತಿರ» ಹೋಗಿ «ಹತ್‌ತಿರ». ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡಿತು ಅಂತ ನಂಬಬೇಡಿ. ಪರಿಹಾರ: ಪ್ರತಿ ಸಾಲನ್ನೂ ಪಿಎನ್‌ಜಿ ಚಿತ್ರವಾಗಿ ಮಾಡಿ ಸೇರಿಸೋದು.

ಎರಡು, ಬೀಗ. ಬೀಗ ಹಾಕಿದ ಡಿಸಿಪಿಗೆ ನಿಮ್ಮ ಸಬ್‌ಟೈಟಲ್ ಸೇರಿಸಿದರೆ ಅದು ಹೊಸ ಆವೃತ್ತಿ, ಅದಕ್ಕೆ ಹೊಸ ಕೀಲಿ. ಹಕ್ಕುದಾರರು ಒಪ್ಪಬೇಕು, ಕೆಲಸ ಅವರ ಕಡೆಯಿಂದ ಆಗಬೇಕು.

ಅದಕ್ಕಿಂತ ಸುಲಭ: ಇಂಗ್ಲಿಷ್ ಸಬ್‌ಟೈಟಲ್ ಇರೋ ಚಿತ್ರ ಹಾಗೇ ಓಡಲಿ. ಪರದೆ ಕೆಳಗೆ ಅಡ್ಡಕ್ಕೆ ಒಂದು ಪಟ್ಟಿ ಕಟ್ಟಿ, ಚಿಕ್ಕ ಪ್ರೊಜೆಕ್ಟರಿನಿಂದ ಕನ್ನಡ ಸಾಲು ಬಿಡಿ. ಹಿನ್ನೆಲೆ ಪೂರ್ತಿ ಕಪ್ಪು, ಅಕ್ಷರ ತಿಳಿಬೂದು. ಅಪ್ಪಟ ಬಿಳಿ ಹಾಕಿದ್ರೆ ಕಪ್ಪು ಬಿಳುಪು ಚಿತ್ರದ ನೆರಳೆಲ್ಲಾ ಸಾಯುತ್ತೆ. ಒಬ್ಬರು ಕೂತು ಮಾತು ಬಂದ ಹಾಗೆ ಗುಂಡಿ ಒತ್ತಬೇಕು. ಸಾಮಾನ್ಯವಾಗಿ ಒಂದು ಚಿತ್ರಕ್ಕೆ 700–900 ಸಾಲು ಬರುತ್ತೆ, ಒಬ್ಬರಿಗೆ ದಿನಕ್ಕೆ ಒಂದೇ ಚಿತ್ರ ಕೊಡಿ.

ನೀಲಿಪರದೆ
ಸಮಯದ ಬಗ್ಗೆಯೂ ಹೇಳಿ ಸರ್. ಡಿವಿಡಿ ನೋಡಿ ಎಸ್‌ಆರ್‌ಟಿ ತಯಾರಿಸಿದರೆ ಚಿತ್ರ ಮುಗಿಯೋ ಹೊತ್ತಿಗೆ ಸಾಲು ಎಲ್ಲೋ ಮಾತು ಎಲ್ಲೋ. ಶ್ರೀಲಂಕಾ ಪಾಲ್ ಅನ್ನೋ ಟಿವಿ ಪದ್ಧತಿಯ ದೇಶ, ಡಿವಿಡಿ ಸೆಕೆಂಡಿಗೆ 25 ಚೌಕಟ್ಟು ಓಡುತ್ತೆ. ಡಿಸಿಪಿ 24. 24ರ ಚಿತ್ರವನ್ನ 25ರಲ್ಲಿ ಓಡಿಸಿ ಡಿವಿಡಿ ಮಾಡಿದ್ದರೆ ಎರಡು ಗಂಟೆಯ ಚಿತ್ರ 115 ನಿಮಿಷ ಚಿಲ್ಲರೆಗೆ ಮುಗಿಯುತ್ತೆ, ಅಂದ್ರೆ ಕೊನೆಗೆ 4 ನಿಮಿಷ 48 ಸೆಕೆಂಡು ವ್ಯತ್ಯಾಸ. ಸಬ್‌ಟೈಟಲ್ ತಂತ್ರಾಂಶದಲ್ಲಿ 25ರಿಂದ 24ಕ್ಕೆ ಬದಲಿಸಿದರೆ ಸರಿ. ಶುರುವಿನ ಸಾಲು ಹೊಂದಿಸಿ ಬಿಟ್ಟರೆ ಸಾಲದು, ಕೊನೆಯ ಸಾಲೂ ನೋಡಬೇಕು.

ಸಾಲು_ಮರ
ಒಂದು ಸಾಲಿಗೆ 30–35 ಅಕ್ಷರ ದಾಟಬೇಡಿ, ಎರಡೇ ಸಾಲು. «ವೇಕಂದ ವಲವ್ವ» ಮಾತಿನ ಚಿತ್ರ, ಚೆಕಾಫನ «ಚೆರ್ರಿ ತೋಟ»ದ ಮೇಲೆ ಕಟ್ಟಿದ್ದು. ಅಲ್ಲಿ ಎಲ್ಲವನ್ನೂ ಅನುವಾದಿಸಹೋದರೆ ಜನ ಓದ್ತಾ ಕೂರ್ತಾರೆ, ಮಾಲಿನಿ ಮುಖ ನೋಡಲ್ಲ. ಅಂದ ಹಾಗೆ ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೆ ಶ್ರೀಲಂಕಾ ಕಳಿಸಿದ ಮೊದಲ ಚಿತ್ರ ಅದು.

ಅಂಚೆಪೆಟ್ಟಿಗೆ
ಸೆನ್ಸಾರ್ ವಿಷಯ ಯಾರೂ ಎತ್ತಲಿಲ್ಲ. ಇಲ್ಲಿನ ಪ್ರಮಾಣಪತ್ರ ಇಲ್ಲದ ವಿದೇಶಿ ಚಿತ್ರ ತೋರಿಸೋಕೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕಾಗುತ್ತೆ. ನಿಮ್ಮ ಸೊಸೈಟಿ ಫಿಲ್ಮ್ ಸೊಸೈಟಿಗಳ ಒಕ್ಕೂಟದ ಸದಸ್ಯತ್ವ ಹೊಂದಿದ್ದರೆ ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ದಿನಾಂಕ ಪ್ರಕಟಿಸಿ.

ಹುಬ್ಬಳ್ಳಿ_ಮಂದಿ
ಎಲ್ಲಾ ಸರಿ, ನನ್ನ ಪ್ರಶ್ನಿ ಹಂಗ ಉಳೀತು. ಜನಪ್ರಿಯ ಚಿತ್ರ ಯಾವುದು?

ಹಳೇ_ರೀಲು
ಮಧ್ಯದ ದಾರಿ ಒಂದಿದೆ: «ಸಿರಿಪಾಲ ಸಹ ರನ್‌ಮೆನಿಕಾ», 1978, ಅಮರನಾಥ ಜಯತಿಲಕ ನಿರ್ದೇಶನ. ಮರು ಸಿರ ಅಂತ ಹೆಸರಾದ ದರೋಡೆಕೋರನ ಕಥೆ. ರವೀಂದ್ರ ರಂದೇನಿಯ ಮತ್ತು ಮಾಲಿನಿ. ಓಟವೂ ಇದೆ, ಪಾತ್ರವೂ ಇದೆ. ಅದೇ ಇಸವಿಯ «ಬಂಬರು ಆವಿತ್» ಪಕ್ಕ ಇಟ್ಟರೆ ಒಂದೇ ವರ್ಷದಲ್ಲಿ ಆಕೆ ಎಂಥೆಂಥ ಕೆಲಸ ಮಾಡ್ತಿದ್ದರು ಅಂತ ಗೊತ್ತಾಗುತ್ತೆ. ಜಾಗಕ್ಕೆ «ವೇಕಂದ ವಲವ್ವ» ತೆಗೀಬಹುದು.

ಕಡಲತಡಿ
«ವೇಕಂದ ವಲವ್ವ» ತೆಗೆಯುವುದು ಬೇಡವೇ ಬೇಡ. ಅಲ್ಲಿ ಆಕೆಗೆ ಐವತ್ತೈದು. ಆ ವಯಸ್ಸಿನ ನಟಿಗೆ ಬರೀ ತಾಯಿ ಪಾತ್ರ ಕೊಡುವ ಕಾಲದಲ್ಲಿ ಇಡೀ ಚಿತ್ರ ಆಕೆಯ ಹೆಗಲ ಮೇಲೆ ನಿಂತದ್ದು. ಬೇಕಿದ್ದರೆ «ಬೆದ್ದೇಗಮ» ತೆಗೀರಿ. ಅದು ಸಿಲಿಂದು ಆಗಿ ಜೋ ಅಬೇವಿಕ್ರಮ ಅವರ ಚಿತ್ರ.

ಹುಬ್ಬಳ್ಳಿ_ಮಂದಿ
ಇದಕ್ಕ ನನ್ನ ಓಟು.

ಸಾಲು_ಮರ
ಪುಂಚಿ ಮೆನಿಕಾ ತೆಗೆದರೆ ನಾನು ಒಪ್ಪಲ್ಲ. ಕೊನೆಗೆ ಆ ಹಳ್ಳಿಯಲ್ಲಿ ಉಳಿಯುವುದು ಆಕೆಯೊಬ್ಬಳೇ. ಅಲ್ಲಿ ಜೋ ಇಲ್ಲ, ವಿಜಯ ಇಲ್ಲ, ಮಾತೂ ಇಲ್ಲದಂತೆಯೇ. ಬೇಕಾದ್ರೆ ಆರು ಮಾಡಿ.

ಕತ್ತಲೆ_ಕೋಣೆ
ಆರಕ್ಕೆ ಎರಡು ದಿನ ಸಾಲುತ್ತೆ, ದಿನಕ್ಕೆ ಮೂರು. ಆದರೆ ಆಟಗಳ ಮಧ್ಯೆ 40 ನಿಮಿಷ ಬಿಡಿ. ಕೆಳಗಿನ ಪಟ್ಟಿಯ ಫೈಲು ಬದಲಿಸಿ ಮೊದಲ ಸಾಲು, ಕೊನೆ ಸಾಲು ನೋಡೋಕೆ ಅಷ್ಟು ಬೇಕು.

ಸೊಸೈಟಿ_ಕಾರ್ಯದರ್ಶಿ
ಆರೇ ಇಡ್ತೀವಿ. ಮೊದಲ ದಿನ «ಸಿರಿಪಾಲ», «ನಿಧಾನಯ», «ಬಂಬರು ಆವಿತ್». ಎರಡನೇ ದಿನ «ಬೆದ್ದೇಗಮ», «ವೇಕಂದ ವಲವ್ವ», «ಆಕಾಸ ಕುಸುಮ್». ಹಕ್ಕುದಾರರಿಗೆ ಪತ್ರ ಈ ವಾರವೇ ಹೋಗುತ್ತೆ. ಯಾವುದಾದರೂ ಪ್ರತಿ ಸಿಗದಿದ್ದರೆ ಅದರ ಜಾಗಕ್ಕೆ ಏನು?

ಹಳೇ_ರೀಲು
ಪತಿರಾಜರ «ಸೊಲ್ದಾದು ಉನ್ನೆಹೆ», 1981. ಮುದಿ ಸೈನಿಕನಾಗಿ ಜೋ, ವೇಶ್ಯೆಯಾಗಿ ಮಾಲಿನಿ. ಜನಪ್ರಿಯತೆಯ ಉತ್ತುಂಗದಲ್ಲಿ ಇದ್ದಾಗ ಒಪ್ಪಿಕೊಂಡ ಪಾತ್ರ. ಅದಕ್ಕೂ ಈಗಲೇ ಪತ್ರ ಹಾಕಿ, ಉತ್ತರ ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ.

ನೀಲಿಪರದೆ
«ಆಕಾಸ ಕುಸುಮ್» ಸಂಕಲನ ನಮ್ಮ ಶ್ರೀಕರ್ ಪ್ರಸಾದ್. ಕರಪತ್ರದಲ್ಲಿ ಹೆಸರು ಹಾಕಿ. ಆ ಚಿತ್ರಕ್ಕೆ ಮಾಲಿನಿಗೆ ಇಟಲಿಯ ಲೆವಾಂತೆ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂದದ್ದನ್ನೂ.